ನಿಂತುಹೋದ ಲೇಖನಿ

ಬಹುತೇಕ ಮನೆಗಳ ಮೇಜಿನ ಖಾನೆಯಲ್ಲಿ ಒಂದು ಫೌಂಟನ್ ಪೆನ್ನು ಮಲಗಿರುತ್ತದೆ. ಅದು ಬರೆಯುವುದಿಲ್ಲ; ಆದರೂ ಅದನ್ನು ಬಿಸಾಡಲು ಯಾರಿಗೂ ಮನಸ್ಸು ಬಾರದು. ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ಸೋದರಮಾವ ಕೊಡಿಸಿದ್ದು, ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದು, ಯಾರೋ ಹಿರಿಯರು ಬಿಟ್ಟುಹೋದದ್ದು—ಹೀಗೆ ಅದಕ್ಕೊಂದು ಚರಿತ್ರೆಯಿರುತ್ತದೆ. ವರುಷಕ್ಕೊಮ್ಮೆ ಆಯುಧಪೂಜೆಯ ದಿನ ಅದನ್ನು ಹೊರತೆಗೆದು, ಒರೆಸಿ, ಕುಂಕುಮವಿಟ್ಟು ಮತ್ತೆ ಒಳಗಿಡುತ್ತಾರೆ. "ಅದು ಕೆಟ್ಟುಹೋಗಿದೆ" ಎಂಬುದು ಮನೆಮಂದಿಯೆಲ್ಲ ಸೇರಿ ಕೊಟ್ಟ ತೀರ್ಪು. ಆದರೆ ನಿಂತುಹೋದ ಲೇಖನಿಗಳಲ್ಲಿ ನಿಜವಾಗಿ ಕೆಟ್ಟವು ಬಹಳ ಕಡಮೆ. ಹೆಚ್ಚಿನವು ಒಣಗಿವೆ, ಅಷ್ಟೆ.

ತುಮಕೂರಿನಲ್ಲಿ ನಿವೃತ್ತರಾದ ವಿಜ್ಞಾನದ ಮೇಷ್ಟರೊಬ್ಬರ ಮನೆಯಲ್ಲಿಯೂ ಅಂಥದೊಂದು ಲೇಖನಿಯಿತ್ತು. ಮಹಡಿಯ ಮೇಲೆ ನಿಂತರೆ ಪೂರ್ವದಲ್ಲಿ ದೇವರಾಯನದುರ್ಗದ ಬೆಟ್ಟಸಾಲು ಕಾಣುವ ಮನೆ ಅದು. ಮೇಷ್ಟರಿಗೆ ಎಂಬತ್ತು ದಾಟಿದೆ. ಲೇಖನಿ ಅವರದಲ್ಲ, ಅವರ ಮಡದಿಯದು. 1966ರಲ್ಲಿ, ಮದುವೆಯಾದ ವರ್ಷವೇ, ಮೇಷ್ಟರು ತಮ್ಮ ಸಂಬಳದಲ್ಲಿ ಉಳಿಸಿ ಕೊಡಿಸಿದ್ದರು. ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರು, ಎಂದರೆ ಎಬೊನೈಟಿನ ಕಪ್ಪು ಮೈ. ಫಿಲ್ಲರಿನಿಂದ ತೊಟ್ಟುತೊಟ್ಟಾಗಿ ಶಾಯಿ ತುಂಬಬೇಕಾದ ದಪ್ಪ ಕೊಳವೆ. ಹಳದಿ ಹೊಳಪಿನ ಉಕ್ಕಿನ ನಿಬ್ಬು. ಮೈಮೇಲೆ ಕೊರೆದಿದ್ದ ತಯಾರಕರ ಹೆಸರು ಬೆರಳಿನ ತಿಕ್ಕಾಟಕ್ಕೆ ಎಂದೋ ಸವೆದುಹೋಗಿತ್ತು. ಆಕೆ ಐವತ್ತು ವರ್ಷಗಳಿಗೂ ಮಿಕ್ಕಿ ಅದೇ ಲೇಖನಿಯಿಂದ ಪ್ರತಿದಿನ ಸಂಜೆ ದೀಪ ಹಚ್ಚಿದ ಮೇಲೆ ಮನೆಯ ಖರ್ಚಿನ ಲೆಕ್ಕ ಬರೆದಿದ್ದರು. ಹಾಲು, ಹೂವು, ಸೊಪ್ಪು, ಇಸ್ತ್ರಿಯವನಿಗೆ ಇಷ್ಟು, ಮಗನ ಶಾಲೆಯ ಶುಲ್ಕ ಇಷ್ಟು. ದೂರದ ಊರಿನಲ್ಲಿದ್ದ ಮಗಳಿಗೆ ಇನ್‌ಲೆಂಡ್ ಪತ್ರಗಳನ್ನು ಬರೆದದ್ದೂ ಅದರಲ್ಲಿಯೇ.

ಆಕೆ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದುವು. ಲೇಖನಿ ಕೊನೆಯ ಲೆಕ್ಕದ ಪುಸ್ತಕದ ನಡುವೆ, ಗೂಡಿನಲ್ಲಿ, ಇದ್ದ ಹಾಗೆಯೇ ಇತ್ತು. ಮೇಷ್ಟರು ಅದನ್ನು ಮುಟ್ಟುತ್ತಿರಲಿಲ್ಲ. ಮುಟ್ಟಲು ಬಿಡುತ್ತಲೂ ಇರಲಿಲ್ಲ. ಮಡದಿಯ ಮೇಲಿನ ಪ್ರೀತಿಯಿಂದ ಹಾಗೆ ಕಾಪಾಡಿಕೊಂಡಿದ್ದಾರೆಂದು ಮನೆಯವರು ತಿಳಿದಿದ್ದರು.

ಹೀಗಿರುವಾಗ ಒಂದು ದಿನ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಬಂದು, "ತಾತ, ಬಾಲ್ ಪೆನ್ನಿನಲ್ಲಿ ಒತ್ತಿ ಒತ್ತಿ ಬರೆದು ಕೈ ನೋಯುತ್ತೆ. ಅಜ್ಜಿಯ ಇಂಕ್ ಪೆನ್ನು ನನಗೆ ಕೊಡುತ್ತೀರಾ?" ಎಂದು ಕೇಳಿದಳು. ಮೇಷ್ಟರು ಉತ್ತರ ಕೊಡಲಿಲ್ಲ. ಹುಡುಗಿ ಸುಮ್ಮನಾದಳು. ಆದರೆ ಊಟದ ಹೊತ್ತಿನಲ್ಲಿ ಮಾತು ಹೇಗೋ ಹರಡಿ, ಆ ಲೇಖನಿಯನ್ನು ಸರಿಮಾಡುವ ಬಗೆಗೆ ಮನೆಯವರೆಲ್ಲ ಒಂದೊಂದು ಸಲಹೆ ಕೊಟ್ಟರು. ಮಗ ಕುದಿಯುವ ನೀರಿನಲ್ಲಿ ಹಾಕಬೇಕೆಂದ. ಸೊಸೆ ಸ್ಪಿರಿಟ್ಟಿನಲ್ಲಿ ತೊಳೆದರೆ ಎಲ್ಲ ಬಿಟ್ಟುಕೊಳ್ಳುತ್ತದೆಂದಳು. ಪಕ್ಕದ ಮನೆಯವರು ನಿಬ್ಬಿನ ಸೀಳಿಗೆ ಗುಂಡುಸೂಜಿ ಹಾಕಿ ಎಳೆದರೆ ಸಾಕೆಂದರು. ಮೇಷ್ಟರು ಗಾಬರಿಯಾದರು. ಅದನ್ನು ಹೀಗೆಯೇ ಬಿಟ್ಟರೆ ತಾವು ಮನೆಯಲ್ಲಿಲ್ಲದ ದಿನ ಯಾರಾದರೊಬ್ಬರು ಈ ಮೂರರಲ್ಲಿ ಒಂದನ್ನು ಮಾಡಿಯೇ ತೀರುತ್ತಾರೆ ಎಂದು ಅವರಿಗೆ ತೋರಿತು. ಕುದಿಯುವ ನೀರು ಎಬೊನೈಟಿನ ಕಪ್ಪನ್ನು ಕಳೆದು ಮೈಯನ್ನು ಮಂಕುಮಾಡುತ್ತದೆ. ಸೆಲ್ಯುಲಾಯ್ಡಿನ ಲೇಖನಿಯಾದರೆ ಸೊಟ್ಟಗಾಗುವುದೂ ಉಂಟು. ಸ್ಪಿರಿಟ್ಟು ಕೆಲವು ಜಾತಿಯ ಪ್ಲಾಸ್ಟಿಕ್ಕುಗಳನ್ನೇ ತಿನ್ನುತ್ತದೆ. ಗುಂಡುಸೂಜಿಯಂತೂ ನಿಬ್ಬಿನ ಸೀಳಿನ ಎರಡು ದಡಗಳನ್ನೂ ಗೀರಿ, ಒಂದನ್ನು ಮೇಲಕ್ಕೂ ಒಂದನ್ನು ಕೆಳಕ್ಕೂ ಮಾಡಿಬಿಡುತ್ತದೆ.

"ನಾನೇ ನೋಡುತ್ತೇನೆ" ಎಂದು ಮೇಷ್ಟರು ಹೇಳಿದರು. ಮರುದಿನ ಬೆಳಿಗ್ಗೆ ಅಂಗಳದ ಬಿಸಿಲಿಗೆ ಕುರ್ಚಿ ಎಳೆದುಕೊಂಡು, ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಗೂಡಿನಿಂದ ಲೆಕ್ಕದ ಪುಸ್ತಕವನ್ನು ತಂದರು.

ಕೈಗೆ ಲೇಖನಿ ಬಂದೊಡನೆ ಅವರೊಳಗಿನ ಮೇಷ್ಟರು ಎಚ್ಚತ್ತರು. ಫೌಂಟನ್ ಪೆನ್ನಿನಿಂದ ಶಾಯಿ ಸುಮ್ಮನೆ ಸುರಿಯುವುದಿಲ್ಲ. ಹಾಗೆ ಸುರಿಯುವುದಾದರೆ ಮುಚ್ಚಳ ತೆಗೆದೊಡನೆ ಕಾಗದವೆಲ್ಲ ಮಸಿಯಾದೀತು. ದೀಪದ ಬತ್ತಿ ಎಣ್ಣೆಯನ್ನು ತನ್ನ ಎಳೆಗಳ ಸಂದಿಯಲ್ಲಿ ಮೇಲಕ್ಕೆ ಸೆಳೆದುಕೊಳ್ಳುವಂತೆ, ನಿಬ್ಬಿನ ಕೂದಲೆಳೆಯಷ್ಟು ಕಿರಿದಾದ ಸೀಳು ಶಾಯಿಯನ್ನು ತನ್ನ ಕಡೆಗೆ ಸೆಳೆದು ಹಿಡಿದಿರುತ್ತದೆ. ಕಾಗದ ತಾಗಿದಾಗ ಅದರ ನಾರುಗಳು ಅಲ್ಲಿಂದ ಹೀರಿಕೊಳ್ಳುತ್ತವೆ. ಇದೇ ಕೇಶಾಕರ್ಷಣ. ಆದರೆ ಇಷ್ಟರಿಂದಲೇ ಕೆಲಸ ಮುಗಿಯಲಿಲ್ಲ. ಹೊರಗೆ ಹೋದ ಶಾಯಿಯ ಸ್ಥಾನಕ್ಕೆ ಒಳಗೆ ಗಾಳಿ ಬರಬೇಕು. ಸಣ್ಣ ಬಾಯಿಯ ಸೀಸೆಯನ್ನು ಬೋರಲು ಹಾಕಿದರೆ ಗಾಳಿಯ ಗುಳ್ಳೆ ಒಳಗೆ ಹೋದಷ್ಟೇ ನೀರು ಹೊರಗೆ ಬರುತ್ತದಲ್ಲವೆ? ಲೇಖನಿಯೂ ಹಾಗೆಯೇ. ನಿಬ್ಬಿನ ಕೆಳಗೆ ಅಂಟಿಕೊಂಡಿರುವ ನಾಲಗೆಯಲ್ಲಿ ಇದಕ್ಕಾಗಿಯೇ ಸಣ್ಣ ಕಾಲುವೆಗಳಿವೆ. ನ್ಯೂಯಾರ್ಕಿನ ಲೂಯಿಸ್ ವಾಟರ್ಮನ್ ಎಂಬಾತ 1884ರಲ್ಲಿ ಪೇಟೆಂಟ್ ಪಡೆದ ಲೇಖನಿಯ ಹೆಚ್ಚುಗಾರಿಕೆ ಈ ನಾಲಗೆಯಲ್ಲಿಯೇ ಇತ್ತು. ಶಾಯಿ ಹೊರಗೆ, ಗಾಳಿ ಒಳಗೆ—ಈ ಕೊಡುಕೊಳ್ಳುವಿಕೆ ನಿಂತರೆ ಲೇಖನಿಯೂ ನಿಲ್ಲುತ್ತದೆ.

"ಆದ್ದರಿಂದ ಮಗು, ಲೇಖನಿ ನಿಂತರೆ ಅದನ್ನು ಕೊಡವಬಾರದು. ಅದು ಹೇಗೆ ನಿಂತಿತೆಂದು ಮೊದಲು ಕೇಳಬೇಕು" ಎಂದರು ಮೇಷ್ಟರು.

ಹೇಗೆ ನಿಂತಿತೆಂಬುದನ್ನು ಲೇಖನಿಯೇ ಹೇಳುತ್ತದೆ. ನಾಲ್ಕು ಸಾಲು ಚೆನ್ನಾಗಿ ಬರೆದು ಆಮೇಲೆ ಬಣ್ಣ ತೆಳುವಾಗುತ್ತ ಬಂದು ನಿಂತರೆ ಒಳಕ್ಕೆ ಗಾಳಿ ಬರುತ್ತಿಲ್ಲ ಅಥವಾ ಕಾಲುವೆಯಲ್ಲಿ ಕೊಳೆ ಕಟ್ಟಿದೆಯೆಂದು ತಿಳಿಯಬೇಕು. ಬೆಳಿಗ್ಗೆ ತೆಗೆದಾಗ ಬರೆಯದೆ, ನಿಬ್ಬನ್ನು ನೀರಿಗೆ ಅದ್ದಿದೊಡನೆ ಬರೆಯತೊಡಗಿದರೆ ಮುಚ್ಚಳ ಬಿಗಿಯಾಗಿ ಕೂರುತ್ತಿಲ್ಲ. ರಾತ್ರಿಯೆಲ್ಲ ನಿಬ್ಬಿನ ತುದಿ ಒಣಗಿದೆ. ಹಾಳೆಯ ಮೇಲುಭಾಗದಲ್ಲಿ ಸರಾಗವಾಗಿ ಬರೆದು ಕೆಳಭಾಗದಲ್ಲಿ ಅಲ್ಲಲ್ಲಿ ತಪ್ಪಿದರೆ ದೋಷ ಲೇಖನಿಯದಲ್ಲ. ಅಂಗೈಯ ಜಿಡ್ಡು ಕಾಗದಕ್ಕೆ ಹತ್ತಿದೆ. ಕೈಯ ಕೆಳಗೊಂದು ತುಂಡು ಕಾಗದವನ್ನಿಟ್ಟುಕೊಂಡರೆ ಮುಗಿಯಿತು. ನಿಬ್ಬು ಪಕ್ಕಕ್ಕೆ ಸರಿದು ನಾಲಗೆಯ ಕಾಲುವೆಗೂ ಸೀಳಿಗೂ ನೇರ ತಪ್ಪಿದ್ದರೂ ಶಾಯಿ ಬರುವುದಿಲ್ಲ. ಬರೆಯುತ್ತಿರುವಾಗ ಇದ್ದಕ್ಕಿದ್ದಂತೆ ದೊಡ್ಡ ತೊಟ್ಟು ಬಿದ್ದರೆ ಒಳಗೆ ಶಾಯಿ ಮುಗಿಯುತ್ತ ಬಂದಿದೆಯೆಂದು ಅರ್ಥ. ಕೊಳವೆಯಲ್ಲಿ ತುಂಬಿದ ಗಾಳಿ ಕೈಯ ಬಿಸಿಗೆ ಹಿಗ್ಗಿ, ಉಳಿದ ಶಾಯಿಯನ್ನು ಹೊರಕ್ಕೆ ತಳ್ಳುತ್ತದೆ.

ಇನ್ನು ಶಾಯಿಯ ಜಾತಿ. ಮೇಷ್ಟರ ಬಾಲ್ಯದಲ್ಲಿ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಮನೆಯಲ್ಲಿಯೇ ಮಸಿ ಕಾಯಿಸುತ್ತಿದ್ದರು. ಅದಕ್ಕೂ ಹಿಂದೆ ದೀಪದ ಕಾಡಿಗೆಯನ್ನು ಅಂಟಿನೊಡನೆ ಅರೆದು ಮಾಡುತ್ತಿದ್ದ ಮಸಿ ಬೇರೆ. ದೌತಿಗೆ ಅದ್ದಿ ಬರೆಯುವ ಲೆಕ್ಕಣಿಕೆಗೆ ಇವು ಸೊಗಸು. ಫೌಂಟನ್ ಪೆನ್ನಿಗೆ ಹಾಕಿದರೆ ಕಾಡಿಗೆಯ ಕಣವೂ ಅಂಟೂ ಸೇರಿ ಕಾಲುವೆಯಲ್ಲಿ ಗಾರೆಯಂತೆ ಕೂರುತ್ತವೆ. ನಕ್ಷೆ ಬರೆಯುವ ಕಪ್ಪು ಇಂಡಿಯನ್ ಇಂಕಿನದೂ ಅದೇ ಕಥೆ. ಶಾಯಿಗೆ ಹೆಸರಾದುದು ನಮ್ಮ ಮೈಸೂರು. 1937ರಲ್ಲಿ ಅಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಮಸಿಯನ್ನು ಒದಗಿಸುತ್ತ ಬಂದಿದೆ. ಆದರೆ ಬೆಳ್ಳಿಯ ಲವಣ ಬೆರೆತ ಆ ಮಸಿ ಬೆರಳಿಗೆ ಮಾತ್ರವೇ ಸರಿ. ಒಂದು ಶಾಯಿ ಮುಗಿಯುವ ಮುನ್ನ ಅದರ ಮೇಲೆಯೇ ಇನ್ನೊಂದನ್ನು ತುಂಬುವುದೂ ಅಪಾಯವೆ. ಒಂದು ಹುಳಿ, ಇನ್ನೊಂದು ಕ್ಷಾರವಾಗಿದ್ದರೆ ಹಾಲು ಒಡೆದಂತೆ ಎರಡೂ ಒಡೆದು ಚರಟ ಕೂತೀತು.

"ಅಜ್ಜಿ ಯಾವ ಶಾಯಿ ಹಾಕುತ್ತಿದ್ದರು?" ಎಂದು ಹುಡುಗಿ ಕೇಳಿದಳು.

"ತಿಳಿನೀಲಿ. ನೀರು ಬಿದ್ದರೆ ಹೋಗುವಂಥದು. ಬಟ್ಟೆಗೆ ಬಿದ್ದರೂ ತೊಳೆದರೆ ಹೋಗಬೇಕೆನ್ನುತ್ತಿದ್ದಳು" ಎನ್ನುತ್ತ ಮೇಷ್ಟರು ಲೆಕ್ಕದ ಪುಸ್ತಕದ ಕೊನೆಯ ಪುಟವನ್ನು ತೆರೆದರು.

ನಾಲ್ಕು ವರ್ಷಗಳಲ್ಲಿ ಅವರು ಆ ಪುಟವನ್ನು ತೆರೆದದ್ದು ಅದೇ ಮೊದಲು. ಹಾಲಿನ ಲೆಕ್ಕ ಸ್ಪಷ್ಟವಾಗಿತ್ತು. ಹೂವಿನದು ಸ್ವಲ್ಪ ತೆಳು. ಮೂರನೆಯ ಸಾಲಿನಲ್ಲಿ ಕೊತ್ತಂಬರಿಯ ಮೊದಲೆರಡು ಅಕ್ಷರಗಳು ಮಾತ್ರ ಕಾಣುತ್ತಿದ್ದುವು. ಉಳಿದವು ಬಣ್ಣವಿಲ್ಲದ ಗೀರುಗಳು. ಅಂಚಿನಲ್ಲಿ, ಆಕೆ ಲೇಖನಿಯನ್ನು ಕೊಡವಿದ್ದರ ಗುರುತಾಗಿ, ಕಡಲೆಕಾಳಿನಷ್ಟು ದೊಡ್ಡ ನೀಲಿ ತೊಟ್ಟು. ರೋಗಿಯ ನಾಡಿ ನೋಡಿದ ವೈದ್ಯನಂತೆ ಮೇಷ್ಟರಿಗೆ ಎಲ್ಲವೂ ತಿಳಿಯಿತು: ಕಾಲುವೆಯಲ್ಲಿ ಕೊಳೆ ಕಟ್ಟಿತ್ತು, ಕೊಳವೆಯಲ್ಲಿ ಶಾಯಿ ತಗ್ಗಿತ್ತು. ಕಾಲುಗಂಟೆಯ ಕೆಲಸ.

ಆ ಸಂಜೆ ಆಕೆ ಕೇಳಿದ್ದಳು. "ಪೆನ್ನು ಸರಿಯಾಗಿ ಬರೀತಿಲ್ಲ ರೀ, ಸ್ವಲ್ಪ ನೋಡ್ತೀರಾ?" ಮೇಷ್ಟರು ವೃತ್ತಪತ್ರಿಕೆಯಿಂದ ತಲೆಯೆತ್ತದೆ, "ನಾಳೆ ನೋಡೋಣ" ಎಂದಿದ್ದರು. ಬೆಳಗಿನ ಜಾವ ಆಕೆಗೆ ಎದೆನೋವು ಕಾಣಿಸಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು.

ಶಾಲೆಯಲ್ಲಿ ಮೂವತ್ತೈದು ವರ್ಷ ಊರ ಮಕ್ಕಳ ಲೇಖನಿಗಳನ್ನೆಲ್ಲ ಬಿಚ್ಚಿ ಸರಿಮಾಡಿಕೊಟ್ಟವರು ಅವರು. ಮನೆಯೊಳಗಿನ ಒಂದು ಲೇಖನಿಯನ್ನು ನಾಳೆಗೆ ಇಟ್ಟರು. ಗೂಡಿನಲ್ಲಿ ಅದನ್ನು ಹಾಗೆಯೇ ಬಿಟ್ಟದ್ದಕ್ಕೆ ಮನೆಯವರು ತಿಳಿದ ಕಾರಣ ಅರ್ಧ ಮಾತ್ರ ನಿಜ. ಇನ್ನರ್ಧ, ಅದನ್ನು ನೋಡಿದಾಗಲೆಲ್ಲ ಆ ಎರಡು ಮಾತುಗಳು ಕಿವಿಯಲ್ಲಿ ಕೇಳುತ್ತಿದ್ದುವು. ಅದಲ್ಲದೆ ಈಗ ತೊಳೆಯುವುದೆಂದರೆ ಆಕೆ ತನ್ನ ಕೈಯಿಂದ ತುಂಬಿದ ಶಾಯಿಯನ್ನು ನೀರಿಗೆ ಬಿಟ್ಟಂತೆ. ಮೇಷ್ಟರು ಬಹಳ ಹೊತ್ತು ಲೇಖನಿಯನ್ನು ಕೈಯಲ್ಲಿ ಹಿಡಿದು ಕುಳಿತರು. ಮೊಮ್ಮಗಳಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಅವಳು ಮೆಲ್ಲನೆ ಎದ್ದುಹೋಗಿ ಒಂದು ಬಿಳಿಯ ಪಿಂಗಾಣಿ ಬಟ್ಟಲು ತಂದು ಅವರ ಮುಂದಿಟ್ಟಳು.

ಕೊಳವೆಬಾವಿಯ ಗಡುಸು ನೀರಿನಲ್ಲಿ ಸುಣ್ಣದಂಶ ಹೆಚ್ಚು. ಅದು ಒಣಗಿದರೆ ತಾನೇ ಒಂದು ಪೊರೆಯಾಗುತ್ತದೆ. ಆದ್ದರಿಂದ ಮೇಷ್ಟರು ಹಿಡಿದಿಟ್ಟಿದ್ದ ಮಳೆನೀರನ್ನು ಬಟ್ಟೆಯಲ್ಲಿ ಸೋಸಿ, ಕೈಗೆ ಹಿತವಾಗುವಷ್ಟು ಮಾತ್ರ ಬೆಚ್ಚಗೆ ಮಾಡಿಸಿದರು. ಕತ್ತನ್ನು ತಿರುಗಿಸಿದರೆ ಅದು ಜಗ್ಗಲಿಲ್ಲ. ಇಕ್ಕಳ ತರಲು ಹೊರಟ ಹುಡುಗಿಯನ್ನು ತಡೆದು, ನಿಬ್ಬಿನ ಭಾಗವನ್ನು ನೀರಿನಲ್ಲಿ ಮುಳುಗಿಸಿಟ್ಟು ಮುಚ್ಚಿದರು. "ಇಕ್ಕಳ ಹಾಕಿದರೆ ಒಂದು ನಿಮಿಷದಲ್ಲಿ ಬರುತ್ತೆ, ಬಿರಿದು ಬರುತ್ತೆ. ನೀರಿಗೆ ಬಿಟ್ಟರೆ ನಾಳೆ ಬರುತ್ತೆ" ಎಂದರು. ನಾಳೆ ಎಂಬ ಮಾತು ತಮ್ಮ ಬಾಯಿಂದ ಬಂದುದಕ್ಕೆ ಒಂದು ಕ್ಷಣ ತಾವೇ ಬೆಚ್ಚಿದರು.

ಮೊದಲ ಕಾಲುಗಂಟೆ ಏನೂ ಆಗಲಿಲ್ಲ. ಆಮೇಲೆ ನಿಬ್ಬಿನ ತುದಿಯಿಂದ ಒಂದು ತೆಳುವಾದ ನೀಲಿಯ ಎಳೆ ಹೊರಟು, ಬಟ್ಟಲಿನ ತಳಕ್ಕೆ ಇಳಿದು, ಊದುಬತ್ತಿಯ ಹೊಗೆಯಂತೆ ಹರಡಿತು. ಮೇಷ್ಟರು ಏನೂ ಮಾತಾಡಲಿಲ್ಲ. ಸಂಜೆಯ ಹೊತ್ತಿಗೆ ನೀರೆಲ್ಲ ನೀಲಿಯಾಗಿತ್ತು. ಚೆಲ್ಲಲು ಬಂದ ಸೊಸೆಗೆ ಅವರು, "ಅದು ಇರಲಿ" ಎಂದಷ್ಟೇ ಹೇಳಿ ಬೇರೊಂದು ಬಟ್ಟಲು ತರಿಸಿದರು.

ಮರುದಿನ ಕತ್ತು ತಾನಾಗಿಯೇ ಸಡಿಲಿತು. ನಿಬ್ಬನ್ನೂ ನಾಲಗೆಯನ್ನೂ ಒಟ್ಟಿಗೆ ಹಿಡಿದು, ತಿರುಚದೆ, ನೇರವಾಗಿ ಹೊರಕ್ಕೆಳೆದರು. ಎರಡರ ನಡುವೆ ಹೊಳೆಯುವ ಕರಿನೀಲಿಯ ಒಂದು ಪದರ ಕಟ್ಟಿತ್ತು. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಸಾಬೂನಿನ ಒಂದೇ ತೊಟ್ಟು ಹಾಕಿ, ಹಳೆಯ ಹಲ್ಲುಜ್ಜುವ ಮೃದುವಾದ ಬ್ರಷ್ಷಿನಿಂದ ನಾಲಗೆಯ ಕಾಲುವೆಯನ್ನು ಉದ್ದುದ್ದಕ್ಕೆ ಉಜ್ಜಿದರು. ನಿಬ್ಬಿನ ಸೀಳಿಗೆ ಸೂಜಿಯಲ್ಲ, ಹಳೆಯ ಫೋಟೋ ಫಿಲ್ಮಿನ ಒಂದು ಚೂರನ್ನು ಕತ್ತರಿಸಿ ಮೆಲ್ಲಗೆ ಒಮ್ಮೆ ಎಳೆದರು. ಅಷ್ಟಕ್ಕೂ ಬಿಡದ ಕೊಳೆಯಿದ್ದರೆ ನೀರಿಗೆ ಕೆಲವೇ ತೊಟ್ಟು ಅಮೋನಿಯಾ ಬೆರೆಸಬಹುದು. ಹಳೆಯ ಕಬ್ಬಿಣಾಂಶದ ಶಾಯಿಯಾದರೆ ಅಮೋನಿಯಾ ನಡೆಯದು, ವಿಟಮಿನ್ ಸಿ ಮಾತ್ರೆಯ ಪುಡಿ ಕರಗಿಸಿದ ನೀರು ಬೇಕು. ಇಲ್ಲಿ ಎರಡೂ ಬೇಕಾಗಲಿಲ್ಲ. ಮೂರನೆಯ ದಿನ ನೀರು ನೀರಾಗಿಯೇ ಉಳಿಯಿತು. ನಿಬ್ಬಿನ ಸೀಳಿಗೆ ನಾಲಗೆಯ ಕಾಲುವೆ ನೇರ ಬರುವಂತೆ ಕೂಡಿಸಿ, ತಿರುಪಿನ ಮರೆಗೆ ಸೋರದಂತೆ ಸ್ವಲ್ಪ ಸಿಲಿಕೋನ್ ಜಿಡ್ಡು ಸವರಿ, ಒರೆಬಟ್ಟೆಯ ಮೇಲೆ ಆರಲು ಬಿಟ್ಟರು.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೇಷ್ಟರು ಮೊದಲ ದಿನದ ನೀಲಿ ನೀರಿನ ಬಟ್ಟಲನ್ನು ಮೇಜಿನ ಮೇಲೆ ತಂದಿಟ್ಟುಕೊಂಡರು. ನಿಬ್ಬನ್ನು ಅದರಲ್ಲಿ ಅದ್ದಿ, ಲೆಕ್ಕದ ಪುಸ್ತಕದ ಕೊನೆಯ ಪುಟದ ಮೂರನೆಯ ಸಾಲಿನಲ್ಲಿ, ಬಣ್ಣವಿಲ್ಲದ ಗೀರುಗಳ ಮೇಲೆಯೇ ಬರೆದು ಕೊತ್ತಂಬರಿ ಎಂಬ ಮಾತನ್ನು ಮುಗಿಸಿದರು. ಅಕ್ಷರ ಬಹಳ ತೆಳುವಾಗಿತ್ತು. ದೀಪಕ್ಕೆ ಹಿಡಿದರೆ ಮಾತ್ರ ಕಾಣುವಷ್ಟು. ಎದುರಿಗೆ ಎಷ್ಟೆಂದು ಅವರಿಗೆ ಗೊತ್ತಿರಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು ಪುಸ್ತಕ ಮುಚ್ಚಿದರು. ಬೆಳಿಗ್ಗೆ ಬಟ್ಟಲಿನ ನೀರನ್ನು ತುಳಸಿಕಟ್ಟೆಯ ಬಳಿ, ಗಿಡದ ಬುಡಕ್ಕೆ ಬೀಳದಂತೆ, ಮಣ್ಣಿಗೆ ಬಿಟ್ಟರು. ಲೇಖನಿಗೆ ಹೊಸ ಶಾಯಿ ತುಂಬಿ ಮೊಮ್ಮಗಳ ಕೈಗೆ ಕೊಟ್ಟರು.

ಮುಂದಿನ ಭಾನುವಾರ ಮನೆಮಂದಿಯೆಲ್ಲ ದೇವರಾಯನದುರ್ಗಕ್ಕೆ ಹೊರಟರು. ಹುಡುಗಿ ಲೇಖನಿಯನ್ನೂ ಒಂದು ಪುಸ್ತಕವನ್ನೂ ಕೈಚೀಲದಲ್ಲಿಟ್ಟುಕೊಂಡಳು. ದಾರಿಯಲ್ಲಿ ನಾಮದ ಚಿಲುಮೆಯಲ್ಲಿ ಇಳಿದರು. ವನವಾಸದಲ್ಲಿದ್ದ ಶ್ರೀರಾಮ ಹಣೆಗೆ ನಾಮವಿಡಲು ನೀರು ಕಾಣದೆ ಬಂಡೆಗೆ ಬಾಣ ಬಿಟ್ಟಾಗ ಚಿಮ್ಮಿದ ಒರತೆಯೆಂದು ಜನ ನಂಬುವ ತಾಣ ಅದು. ಬಂಡೆಯ ಸಣ್ಣ ಬಾಯಿಯೊಳಗೆ ನೀರು ಮಿನುಗುತ್ತಿತ್ತು. ಹುಡುಗಿ ಬಗ್ಗಿ ನೋಡಿ, "ಇಷ್ಟು ಚಿಕ್ಕ ಬಾಯಿ! ಇದು ಕಟ್ಟಿಕೊಳ್ಳುವುದಿಲ್ಲವೇ ತಾತ?" ಎಂದಳು. "ದಿನವೂ ಯಾರಾದರೂ ಕೈಹಾಕಿ ನೀರು ತೆಗೆಯುತ್ತಾರಲ್ಲ" ಎಂದರು ಮೇಷ್ಟರು. ಲೇಖನಿಗೂ ಅದಕ್ಕಿಂತ ದೊಡ್ಡ ಔಷಧವಿಲ್ಲ. ದಿನಕ್ಕೆ ನಾಲ್ಕು ಸಾಲು ಬರೆದರೆ ಅದು ಕಟ್ಟುವುದಿಲ್ಲ. ತಿಂಗಳುಗಟ್ಟಲೆ ಬರೆಯುವುದಿಲ್ಲವೆಂದು ಗೊತ್ತಿದ್ದರೆ ಶಾಯಿ ತೆಗೆದು ತೊಳೆದಿಡಬೇಕು.

ಮೇಲೆ ಯೋಗನರಸಿಂಹನ ಗುಡಿಯ ಮೆಟ್ಟಿಲ ಬಳಿ ಕುಳಿತು ಹುಡುಗಿ ಲೇಖನಿಯ ಮುಚ್ಚಳ ತೆಗೆದಳು. ಮುಚ್ಚಳದ ತುಂಬ ಶಾಯಿ! ಮೂರು ಬೆರಳುಗಳೂ ನೀಲಿಯಾದುವು. ಅವಳ ಕಣ್ಣಲ್ಲಿ ನೀರೇ ಬಂತು. "ಮತ್ತೆ ಕೆಟ್ಟಿತು ತಾತ" ಎಂದಳು.

ಮೇಷ್ಟರು ನಕ್ಕರು. ಅಂದು ಲೇಖನಿಯಲ್ಲಿ ಮೂರನೆಯ ಒಂದು ಪಾಲು ಮಾತ್ರ ಶಾಯಿಯಿತ್ತು, ಉಳಿದದ್ದೆಲ್ಲ ಗಾಳಿ. ತುಮಕೂರು ಸಮುದ್ರಮಟ್ಟದಿಂದ ಸುಮಾರು 2,700 ಅಡಿ ಎತ್ತರದಲ್ಲಿದೆ. ದುರ್ಗದ ನೆತ್ತಿ ಸುಮಾರು 3,900 ಅಡಿ. ಈ 1,200 ಅಡಿ ಏರುವಷ್ಟರಲ್ಲಿ ಹೊರಗಿನ ಗಾಳಿಯ ಒತ್ತಡ ನೂರಕ್ಕೆ ನಾಲ್ಕರಷ್ಟು ಇಳಿಯುತ್ತದೆ. ತುಮಕೂರಿನಲ್ಲಿ ಸಿಕ್ಕಿಕೊಂಡ ಒಳಗಿನ ಗಾಳಿ ಇಲ್ಲಿ ಅಷ್ಟರಮಟ್ಟಿಗೆ ಹಿಗ್ಗಿ, ಎರಡು ತೊಟ್ಟು ಶಾಯಿಯನ್ನು ಹೊರಕ್ಕೆ ನೂಕಿದೆ; ಚೀಲದೊಳಗಿನ ಬಿಸಿಲ ಸೆಕೆ ಇನ್ನೊಂದು ತೊಟ್ಟನ್ನು ಸೇರಿಸಿದೆ. ಬೆಟ್ಟಕ್ಕೆ ಬರುವಾಗ ಲೇಖನಿಯನ್ನು ಪೂರ್ತಿ ತುಂಬಿಸಿರಬೇಕು, ಇಲ್ಲವೆ ಪೂರ್ತಿ ಬರಿದು ಮಾಡಿರಬೇಕು. ಜೇಬಿನಲ್ಲಿ ನಿಬ್ಬು ಮೇಲಾಗಿ ನಿಲ್ಲಿಸಿರಬೇಕು. ಗಾಳಿಗೆ ನಿಬ್ಬಿನ ಕಡೆ ದಾರಿ ಸಿಕ್ಕರೆ ಅದು ಶಾಯಿಯನ್ನು ತಳ್ಳದೆ ತಾನೇ ಹೊರಟುಹೋಗುತ್ತದೆ.

"ಇದು ಅಜ್ಜಿಗೆ ಗೊತ್ತಿತ್ತೇ?"

"ಕಾರಣ ಗೊತ್ತಿರಲಿಲ್ಲ. ಬೆಟ್ಟಕ್ಕೆ ಬರುವಾಗ ಮಾತ್ರ ಎಂದೂ ಪೆನ್ನು ತರುತ್ತಿರಲಿಲ್ಲ" ಎಂದು ಮೇಷ್ಟರು ತಮ್ಮ ಕರವಸ್ತ್ರದಿಂದ ಅವಳ ಬೆರಳುಗಳನ್ನು ಒರೆಸಿದರು. ಶಿಂಷೆ ದಕ್ಷಿಣಕ್ಕೂ ಜಯಮಂಗಲಿ ಉತ್ತರಕ್ಕೂ ಹುಟ್ಟಿ ಹರಿಯುವ ಆ ಬೆಟ್ಟದ ಮೇಲೆ ಗಾಳಿ ತಂಪಾಗಿ ಬೀಸುತ್ತಿತ್ತು. ಬಿಳಿಯ ಕರವಸ್ತ್ರದ ಮೇಲೆ ತಿಳಿನೀಲಿಯ ಕಲೆಗಳಾದುವು. ತೊಳೆದರೆ ಹೋಗುವಂಥ ಶಾಯಿ ಅದು.

ಮನೆಗೆ ಮರಳುವಾಗ ಕತ್ತಲಾಗಿತ್ತು. ಮೇಷ್ಟರಿಗೆ ದಣಿವಾಗಿತ್ತು; ಕಾಲು ಚಾಚಿ ಕುರ್ಚಿಯಲ್ಲಿ ಕುಳಿತು, ಬೆಳಿಗ್ಗೆ ಓದದೆ ಬಿಟ್ಟಿದ್ದ ಪತ್ರಿಕೆಯನ್ನು ತೆರೆದಿದ್ದರು. ಒಳಗಿನ ಕೋಣೆಯಿಂದ ಹುಡುಗಿಯ ದನಿ ಕೇಳಿತು:

"ತಾತ, ಪೆನ್ನು ಸರಿಯಾಗಿ ಬರೀತಿಲ್ಲ. ಸ್ವಲ್ಪ ನೋಡ್ತೀರಾ?"

ಮೇಷ್ಟರು ಪತ್ರಿಕೆಯನ್ನು ಮಡಿಸಿಟ್ಟು, ಕನ್ನಡಕ ಸರಿಪಡಿಸಿಕೊಂಡು, ಆ ಕ್ಷಣವೇ ಎದ್ದರು.